ಮೊಬೈಲ್ ಯುಗಕ್ಕೂ ಬೇಕು ಬಾಂದುಕಲ್ಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ತೋಟಗಳಲ್ಲಿ ಗಡಿ ತಕರಾರು ಹೊಸದೇನೂ ಅಲ್ಲ. ಹೊಸದಾಗಿರುವುದು ಅದಕ್ಕೆ ಒದಗುತ್ತಿರುವ ಸಾಕ್ಷಿ. ಒಂದು ಕಾಲಕ್ಕೆ ಬದುವಿನ ಮೇಲಿನ ಕತ್ತಾಳೆ, ಅರ್ಧ ಮಣ್ಣಿನಲ್ಲಿ ಹೂತುಹೋದ ಬಾಂದುಕಲ್ಲು, ಎರಡೂ ಮನೆಯ ಹಿಂದಿನ ತಲೆಮಾರನ್ನು ಕಂಡಿದ್ದ ಊರಿನ ಹಿರಿಯರು ಸಾಕ್ಷಿ ನುಡಿಯುತ್ತಿದ್ದರು. ಅದೂ ಸಾಲದಾದರೆ ತಾಲ್ಲೂಕು ಕಚೇರಿಗೆ ಹದ್ದುಬಸ್ತಿನ ಅರ್ಜಿ ಹೋಗುತ್ತಿತ್ತು. ಈಗ ಅಕ್ಕಪಕ್ಕದ ತೋಟದವರಿಬ್ಬರು ತಮ್ಮ ತಮ್ಮ ಮೊಬೈಲ್ ಫೋನ್ ಹಿಡಿದು ಬದುವಿನ ಮೇಲೆ ನಿಲ್ಲುತ್ತಾರೆ. ಪರದೆಯಲ್ಲಿ ಗ್ರಾಮನಕ್ಷೆ, ಅದರ ಮೇಲೊಂದು ಚುಕ್ಕೆ. ಒಬ್ಬರ ಫೋನಿನಲ್ಲಿ ಚುಕ್ಕೆ ಗೆರೆಯ ಈಚೆಗಿರುತ್ತದೆ, ಇನ್ನೊಬ್ಬರದರಲ್ಲಿ ಆಚೆಗಿರುತ್ತದೆ. ನಡುವೆ ನಿಂತ ತೆಂಗಿನ ಸಾಲು ಯಾರದೆಂಬ ಪ್ರಶ್ನೆ ಇದ್ದಲ್ಲೇ ಉಳಿಯುತ್ತದೆ. ಮಾತು ಮಾತ್ರ ಬೆಳೆಯುತ್ತದೆ.

ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವು ಭೂಮಾಪನ ಇಲಾಖೆಗಾಗಿ ರೂಪಿಸಿದ ‘ದಿಶಾಂಕ್’ ಆ್ಯಪ್ 2018ರಿಂದ ಸಾರ್ವಜನಿಕರ ಬಳಕೆಯಲ್ಲಿದೆ. ನಿಂತ ನೆಲದ ಸರ್ವೆ ನಂಬರನ್ನು ಅದು ಕ್ಷಣಾರ್ಧದಲ್ಲಿ ತೋರಿಸುತ್ತದೆ. ಕೆರೆಯಂಗಳವನ್ನೋ ಗೋಮಾಳವನ್ನೋ ನಿವೇಶನವೆಂದು ನಂಬಿಸಿ ಮಾರುವವರ ಕೈ ಕಟ್ಟಿಹಾಕುವುದರಲ್ಲಿ ಇದರ ಉಪಕಾರ ದೊಡ್ಡದು. 2020ರ ಆಗಸ್ಟ್‌ನಿಂದ ರೈತರೇ ತಮ್ಮ ಜಮೀನಿನಲ್ಲಿ ನಿಂತು ಬೆಳೆಯ ಚಿತ್ರ ತೆಗೆದು ಬೆಳೆ ಸಮೀಕ್ಷೆಯ ಆ್ಯಪ್‌ಗೆ ಸೇರಿಸುವ ವ್ಯವಸ್ಥೆಯೂ ಬಂದಿತು. ಬೆಂಬಲ ಬೆಲೆಯ ಖರೀದಿ, ಬೆಳೆ ವಿಮೆ, ಪರಿಹಾರ ಇವುಗಳೆಲ್ಲಕ್ಕೂ ಆ ಮಾಹಿತಿಯೇ ಆಧಾರ. ಬಗರ್‌ಹುಕುಂ ಅರ್ಜಿಗಳ ಸ್ಥಳ ಪರಿಶೀಲನೆಗೂ ಆ್ಯಪ್ ಬಂದಿದೆ. ಹೀಗೆ ‘ನೀನು ಎಲ್ಲಿರುವೆ’ ಎಂಬ ಪ್ರಶ್ನೆಗೆ ಮೊಬೈಲ್ ಕೊಡುವ ಉತ್ತರವು ಸದ್ದಿಲ್ಲದೆ ಆಡಳಿತದ ಒಂದು ದಾಖಲೆಯಾಗಿಬಿಟ್ಟಿದೆ. ಆ ಉತ್ತರ ಎಷ್ಟು ಸರಿ ಎಂದು ಕೇಳುವವರು ಮಾತ್ರ ವಿರಳ.

ಲೆಕ್ಕ ಹಾಕಿ ನೋಡೋಣ. ತೆರೆದ ಆಕಾಶದ ಕೆಳಗೆ ಸಾಮಾನ್ಯ ಸ್ಮಾರ್ಟ್‌ಫೋನಿನ ನಿಖರತೆ ಸುಮಾರು 4.9 ಮೀಟರ್ ಎಂದು ಜಿಪಿಎಸ್ ನಡೆಸುವ ಅಮೆರಿಕ ಸರ್ಕಾರವೇ ಹೇಳುತ್ತದೆ. ಕಟ್ಟಡ, ಸೇತುವೆ, ಮರಗಳ ಬಳಿ ಅದು ಇನ್ನೂ ಕೆಡುತ್ತದೆ ಎಂಬುದನ್ನೂ ಸೇರಿಸುತ್ತದೆ. ಚೌಕಾಕಾರದ ಒಂದು ಎಕರೆ ತೋಟದ ಒಂದು ಬದಿ ಹೆಚ್ಚುಕಡಿಮೆ 64 ಮೀಟರ್. ಆ ಒಂದು ಬದಿಯಲ್ಲಿ ಐದು ಮೀಟರ್ ಸರಿದರೆ ಮೂರು ಗುಂಟೆ ನೆಲ ಕೈಬದಲಾಗುತ್ತದೆ. ಮರಗಳ ನೆರಳಿನಲ್ಲಿ ತಪ್ಪು ಒಂಬತ್ತು ಮೀಟರಿಗೆ ಏರಿತೆನ್ನಿ. ಅದು ಮೂವತ್ತು ಅಡಿ, ಅಂದರೆ ನಮ್ಮ ತೋಟಗಳಲ್ಲಿ ಒಂದು ತೆಂಗಿನ ಸಾಲಿಗೂ ಇನ್ನೊಂದಕ್ಕೂ ಬಿಡುವ ಅಂತರ. ಎಕರೆಯ ಒಂದು ಬದಿಯ ಸಾಲಿನಲ್ಲಿ ಏಳು ಮರ. ನೆಟ್ಟು ಆರೇಳು ವರ್ಷ ಕಾದು, ಮುಂದೆ ಮಕ್ಕಳು ಮೊಮ್ಮಕ್ಕಳ ಕಾಲದವರೆಗೂ ಕಾಯಿ ಕೀಳಬೇಕಾದ ಏಳು ಮರಗಳು ಪರದೆಯ ಮೇಲಿನ ಒಂದು ಚುಕ್ಕೆಯ ಅತ್ತಿತ್ತಲಾಟಕ್ಕೆ ಸಿಕ್ಕಿಕೊಳ್ಳುತ್ತವೆ. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಟ್ಟು ಉಂಡೆ ಕೊಬ್ಬರಿ ಮಾಡಿ ತಿಪಟೂರಿನ ಮಾರುಕಟ್ಟೆಗೆ ಒಯ್ಯುವ ಕುಟುಂಬಕ್ಕೆ ಇದು ಸಣ್ಣ ಮಾತಲ್ಲ. 2025ರ ಹಂಗಾಮಿಗೆ ಕೇಂದ್ರವು ಉಂಡೆ ಕೊಬ್ಬರಿಗೆ ನಿಗದಿಪಡಿಸಿದ ಬೆಂಬಲ ಬೆಲೆಯೇ ಕ್ವಿಂಟಲಿಗೆ 12,100 ರೂಪಾಯಿ.

ಇತಿಹಾಸದ ಒಂದು ವಿಪರ್ಯಾಸವನ್ನು ಇಲ್ಲಿ ನೆನೆಯಬೇಕು. ಮೈಸೂರು ಸಂಸ್ಥಾನದಲ್ಲಿ ಸರ್ವೆ ಮತ್ತು ಕಂದಾಯ ನಿಗದಿಯ ಇಲಾಖೆ ಹುಟ್ಟಿದ್ದು 1863ರಲ್ಲಿ. ಅಂದಿನ ಭೂಮಾಪಕನ ಕೈಯಲ್ಲಿದ್ದುದು 33 ಅಡಿ ಉದ್ದದ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ. ಆ ಸರಪಳಿಯನ್ನು ಹದಿನಾರು ಆಣೆಗಳಾಗಿ ಭಾಗಿಸಿದ್ದರು. ಒಂದಾಣೆ ಎಂದರೆ ಎರಡಡಿಗೆ ತುಸು ಹೆಚ್ಚು. ಕಲ್ಲುಮುಳ್ಳಿನಲ್ಲಿ ಸರಪಳಿ ಎಳೆದುಕೊಂಡು ಹೋಗುತ್ತಿದ್ದ ನೌಕರ ಟಿಪ್ಪಣಿ ಪುಸ್ತಕದಲ್ಲಿ ಆಣೆಯವರೆಗೂ ಅಳತೆ ಬರೆಯುತ್ತಿದ್ದ. ಉಪಗ್ರಹ ಬಳಸುವ ಇಂದಿನ ಫೋನು ತೋಟದೊಳಗೆ ತಪ್ಪುವುದು ಹೆಚ್ಚುಕಡಿಮೆ ಒಂದು ಇಡೀ ಸರಪಳಿಯಷ್ಟು. ಹಳೆಯ ಭೂಮಾಪಕ ಉಪಕರಣದಲ್ಲಿ ಬಡವನಾಗಿದ್ದರೂ ಅವನಿಗೊಂದು ಆಧಾರವಿತ್ತು. ಅವನ ಪ್ರತಿಯೊಂದು ಅಳತೆಯೂ ನೆಲದಲ್ಲಿ ನೆಟ್ಟ, ಕದಲದ ಒಂದು ಕಲ್ಲಿನಿಂದ ಆರಂಭವಾಗುತ್ತಿತ್ತು. ಅದಕ್ಕೂ ಹಿಂದೆ, 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅತ್ಯಂತ ಎಚ್ಚರದಿಂದ ಅಳೆದದ್ದೂ ಇದೇ ಕಾರಣಕ್ಕೆ. ಎರಡು ವರ್ಷಗಳ ತರುವಾಯ ಮದರಾಸಿನಲ್ಲಿ ಆತ ಆರಂಭಿಸಿದ ಮಹಾ ತ್ರಿಕೋನಮಿತಿ ಸರ್ವೆ ಇಡೀ ಉಪಖಂಡವನ್ನು ಅಳೆಯಿತು. ಖಚಿತವಾಗಿ ಗೊತ್ತಿರುವ ಒಂದು ಬಿಂದುವಿಲ್ಲದೆ ಗೊತ್ತಿಲ್ಲದ ಬಿಂದುವನ್ನು ಗೊತ್ತುಮಾಡಲಾಗದು: ಭೂಮಾಪನದ ಮೊದಲ ಪಾಠವೇ ಇದು.

ಮೊಬೈಲಿನ ತಪ್ಪಿಗೂ ಪರಿಹಾರ ಇದೇ ಪಾಠದಲ್ಲಿದೆ. ಫೋನು ತನ್ನ ಸ್ಥಾನವನ್ನು ಕಂಡುಕೊಳ್ಳುವುದು ಕಾಲದ ಲೆಕ್ಕದಿಂದ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ತಮ್ಮ ಗಡಿಯಾರದ ವೇಳೆಯನ್ನು ರೇಡಿಯೋ ಸಂಕೇತದಲ್ಲಿ ಸಾರುತ್ತಿರುತ್ತವೆ. ಸಂಕೇತ ತಲುಪಲು ಹಿಡಿದ ಕಾಲದಿಂದ ದೂರವೂ, ನಾಲ್ಕು ಉಪಗ್ರಹಗಳ ದೂರದಿಂದ ಸ್ಥಾನವೂ ತಿಳಿಯುತ್ತದೆ. ಬೆಳಕಿನ ವೇಗದ ಈ ಲೆಕ್ಕದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ 300 ಮೀಟರ್ ವ್ಯತ್ಯಾಸ. ಮೇಲಿನ ವಾಯುಮಂಡಲವನ್ನು ಹಾಯುವಾಗ ಸಂಕೇತ ತಡವಾಗುತ್ತದೆ. ಕೆಳಗೆ ಬರುವಷ್ಟರಲ್ಲಿ ಅದು ತೀರ ಕ್ಷೀಣವಾಗಿರುತ್ತದೆ. ತೆಂಗಿನ ಗರಿಗಳು, ಅದರಲ್ಲೂ ಮಳೆಯಲ್ಲಿ ನೆಂದ ಗರಿಗಳು, ಉಳಿದದ್ದರಲ್ಲಿ ಒಂದಷ್ಟನ್ನು ಹೀರಿಕೊಳ್ಳುತ್ತವೆ. ಕಾಂಡಗಳಿಗೆ ತಾಗಿ ಸುತ್ತಿ ಬರುವ ಸಂಕೇತ ಹೆಚ್ಚು ದೂರ ತೋರಿಸಿ ಫೋನನ್ನು ದಾರಿ ತಪ್ಪಿಸುತ್ತದೆ.

ಈಗ ನಿಖರವಾಗಿ ಅಳತೆಯಾದ ಒಂದು ಜಾಗದಲ್ಲಿ ರೇಡಿಯೋ ಗ್ರಾಹಕವೊಂದನ್ನು ಶಾಶ್ವತವಾಗಿ ನಿಲ್ಲಿಸಿದೆವೆನ್ನಿ. ತಾನೆಲ್ಲಿದ್ದೇನೆಂಬುದು ಅದಕ್ಕೆ ಮೊದಲೇ ಗೊತ್ತು. ಉಪಗ್ರಹದ ಲೆಕ್ಕ ಅದನ್ನು ಮೂರು ಮೀಟರ್ ಪೂರ್ವಕ್ಕೆ ತೋರಿಸಿದರೆ, ಆ ಹೊತ್ತಿಗೆ ಆ ಸೀಮೆಯ ಆಕಾಶದಲ್ಲಿರುವ ತಪ್ಪು ಎಷ್ಟೆಂಬುದು ತಾನಾಗಿ ಬಯಲಾಗುತ್ತದೆ. ಆ ತಿದ್ದುಪಡಿಯನ್ನು ಸುತ್ತಮುತ್ತಲ ಫೋನುಗಳಿಗೆ ಸಾರಿದರೆ ಅವೂ ತಮ್ಮ ಲೆಕ್ಕ ಸರಿಪಡಿಸಿಕೊಳ್ಳಬಲ್ಲವು. ಭಾರತೀಯ ಸರ್ವೇಕ್ಷಣಾ ಇಲಾಖೆಯು ಸ್ಥಾಪಿಸಿರುವ ನಿರಂತರ ಉಲ್ಲೇಖ ಕೇಂದ್ರಗಳ ಜಾಲ, ಅಂದರೆ ಸಿಒಆರ್‌ಎಸ್, ಮಾಡುವುದು ಇದನ್ನೇ. 2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯೂ ಬಳಸುವ ಈ ಜಾಲ ಕರ್ನಾಟಕದಲ್ಲೂ ಇದೆ. ‘ರೋವರ್’ ಎಂಬ ಉಪಕರಣ ಹಿಡಿದ ಭೂಮಾಪಕರು ಇದರ ನೆರವಿನಿಂದ ಬಯಲಿನಲ್ಲಿ ಕೆಲವೇ ಸೆಂಟಿಮೀಟರುಗಳ ನಿಖರತೆ ಸಾಧಿಸುತ್ತಾರೆ. ವಿಮಾನಗಳಿಗಾಗಿ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಕಟ್ಟಿದ ‘ಗಗನ್’ ವ್ಯವಸ್ಥೆಯ ತತ್ತ್ವವೂ ಇದೇ. ಅದರ ನಿಯಂತ್ರಣ ಕೇಂದ್ರ ಬೆಂಗಳೂರಿನಲ್ಲಿದೆ. ನಮ್ಮದೇ ‘ನಾವಿಕ್’ ಉಪಗ್ರಹಗಳಿಗೆ ಸಂಬಂಧಿಸಿದ ಕೆಲಸ ಬ್ಯಾಲಾಳಿನಲ್ಲೂ ತಿಪಟೂರಿನ ಪಕ್ಕದ ಜಿಲ್ಲೆಯಾದ ಹಾಸನದಲ್ಲೂ ನಡೆಯುತ್ತದೆ. ಅಂದಮೇಲೆ ವಿದ್ಯೆಗೂ ಯಂತ್ರಕ್ಕೂ ನಮ್ಮಲ್ಲಿ ಬರವಿಲ್ಲ. ಬರವಿರುವುದು ಆ ವಿದ್ಯೆ ತೋಟದ ಬದುವಿನವರೆಗೆ ಹರಿದು ಬರುವ ಕಾಲುವೆಗೆ. ತಿದ್ದುಪಡಿ ಇಂದಿಗೂ ಮುಖ್ಯವಾಗಿ ಸರ್ವೆಯರ್ ಮತ್ತು ಎಂಜಿನಿಯರರ ಉಪಕರಣಗಳಲ್ಲಿ ನಿಂತುಬಿಡುತ್ತದೆ. ರೈತನ ಫೋನನ್ನು ತಲುಪುವುದಿಲ್ಲ.

ಆ ಕಾಲುವೆ ಈಗಾಗಲೇ ಊರೂರಿನಲ್ಲಿ ನಿಂತಿದೆ. ಅದೇ ಮೊಬೈಲ್ ಟವರ್. ಟವರುಗಳು ಎರಡು ಬಗೆಯಲ್ಲಿ ನೆರವಾಗಬಲ್ಲವು. ಒಂದು, ಉಲ್ಲೇಖ ಕೇಂದ್ರದ ತಿದ್ದುಪಡಿಯನ್ನು ಫೋನುಗಳಿಗೆ ಬಿತ್ತರಿಸುವುದು. ಇದಕ್ಕೆ ಬೇಕಾದ ವಿಧಾನ 2018ರಿಂದಲೂ ಜಾಗತಿಕ ಮೊಬೈಲ್ ಮಾನದಂಡಗಳ ಭಾಗವಾಗಿದೆ. ಎರಡು, ಟವರ್ ತಾನೇ ಬಾಂದುಕಲ್ಲಾಗುವುದು. 4ಜಿಯ ಮಾನದಂಡದಲ್ಲಿ 2009ರ ಹೊತ್ತಿಗೇ ಸ್ಥಾನನಿರ್ಣಯಕ್ಕೆಂದೇ ಮೀಸಲಾದ ಉಲ್ಲೇಖ ಸಂಕೇತವೊಂದನ್ನು ಸೇರಿಸಲಾಯಿತು. 5ಜಿಗೆ ಸುಧಾರಿತ ರೂಪ 2020ರಲ್ಲಿ ಬಂತು. ಪ್ರತಿ ಟವರೂ ಗೊತ್ತಾದ ಕ್ಷಣದಲ್ಲಿ, ಗೊತ್ತಾದ ಮಾದರಿಯ ಸಂಕೇತ ಬಿಡುತ್ತದೆ. ಮೂರು ನಾಲ್ಕು ಟವರುಗಳ ಸಂಕೇತಗಳು ಎಷ್ಟೆಷ್ಟು ವ್ಯತ್ಯಾಸದಲ್ಲಿ ತಲುಪಿದವೆಂದು ಫೋನು ಅಳೆದರೆ ಸ್ಥಾನ ತಿಳಿಯುತ್ತದೆ. ಟವರಿನ ಸಂಕೇತ ಉಪಗ್ರಹದ್ದಕ್ಕಿಂತ ಎಷ್ಟೋ ಪಾಲು ಬಲವಾದದ್ದು. ಅದು ಆಕಾಶದಿಂದ ಗರಿಗಳನ್ನು ತೂರಿ ಬರಬೇಕಿಲ್ಲ, ಪಕ್ಕದಿಂದ ಬರುತ್ತದೆ. ಹೊರಾಂಗಣದಲ್ಲಿ ಹತ್ತು ಮೀಟರಿನೊಳಗಿನ ನಿಖರತೆ 5ಜಿ ಮಾನದಂಡ ಇರಿಸಿಕೊಂಡ ಗುರಿಗಳಲ್ಲಿ ಒಂದು.

ಇಷ್ಟಾದರೂ ಇದು ಮಂತ್ರದಂಡವಲ್ಲ. ಟವರುಗಳ ಗಡಿಯಾರಗಳು ಸೆಕೆಂಡಿನ ನೂರು ಕೋಟಿ ಭಾಗಗಳ ಲೆಕ್ಕದಲ್ಲಿ ಹೊಂದಿಕೊಂಡಿರಬೇಕು. ಅಂತಹ ಒಂದು ಭಾಗದ ತಪ್ಪು ನೆಲದ ಮೇಲೆ ಒಂದಡಿಯಾಗುತ್ತದೆ. ಪ್ರತಿ ಆಂಟೆನಾ ನಿಂತ ಸ್ಥಳದ ಅಳತೆಯೂ ಅಷ್ಟೇ ಕರಾರುವಾಕ್ಕಾಗಿರಬೇಕು. ಟವರುಗಳ ಹಂಚಿಕೆಯೂ ಮುಖ್ಯ. ನಗರದಲ್ಲಿ ಅವು ನಾಲ್ಕು ದಿಕ್ಕಿನಲ್ಲೂ ಇರುತ್ತವೆ. ಗ್ರಾಮಾಂತರದಲ್ಲಿ ಬೆಂಗಳೂರು–ಹೊನ್ನಾವರ ರಸ್ತೆಯಂತಹ ಹೆದ್ದಾರಿಯ ಗುಂಟ ಸಾಲಾಗಿ ನಿಂತಿದ್ದರೆ, ರಸ್ತೆಯ ಉದ್ದಕ್ಕೆ ಸ್ಥಾನ ಚೆನ್ನಾಗಿ ತಿಳಿಯುತ್ತದೆ, ರಸ್ತೆಯಿಂದ ಎಷ್ಟು ದೂರ ಎಂಬುದು ಮಸುಕಾಗುತ್ತದೆ. ಹೀಗಾಗಿ ಯಾವ ಕೆಲಸಕ್ಕೆ ಎಷ್ಟು ನಿಖರತೆ ಬೇಕೆಂಬ ವಿವೇಕ ಅಗತ್ಯ. ಗಡಿ ಗುರುತಿಸಲು ಸೆಂಟಿಮೀಟರಿನ ಲೆಕ್ಕ ಬೇಕು. ಅದಕ್ಕೆ ಉಲ್ಲೇಖ ಕೇಂದ್ರ ಮತ್ತು ಭೂಮಾಪಕರೇ ಸರಿ. ಬೆಳೆ ಸಮೀಕ್ಷೆಗೆ ಒಂದೆರಡು ಮೀಟರ್ ಸಾಕು; ತಿದ್ದುಪಡಿ ಪಡೆದ ಒಳ್ಳೆಯ ಫೋನು ಬಯಲಿನಲ್ಲಿ ಅದನ್ನು ಒದಗಿಸಬಲ್ಲದು. ಆಂಬುಲೆನ್ಸ್ ಕರೆಗೆ ಹತ್ತು ಮೀಟರ್ ಧಾರಾಳ. ಅದನ್ನು ಟವರಿನ ಸಂಕೇತವೇ ಕೊಡಬಲ್ಲದು.

ಆಂಬುಲೆನ್ಸಿನ ಮಾತು ತೆಂಗಿನ ಸೀಮೆಯಲ್ಲಿ ಅಲಂಕಾರಕ್ಕೆ ಹೇಳುವಂಥದಲ್ಲ. ಇಲ್ಲಿ ಬಹಳಷ್ಟು ಸಂಸಾರಗಳು ವಾಸಿಸುವುದು ಊರಿನ ಬೀದಿಯಲ್ಲಲ್ಲ, ತೋಟದ ಮನೆಗಳಲ್ಲಿ. ಆ ಮನೆಗಳಿಗೆ ಬೀದಿಯ ಹೆಸರಿಲ್ಲ, ಬಾಗಿಲ ಸಂಖ್ಯೆಯಿಂದ ದಾರಿ ಸಿಗುವುದಿಲ್ಲ. ಕೆರೆ ಏರಿ ದಾಟಿ, ಅರಳಿಕಟ್ಟೆಯ ಬಳಿ ಎಡಕ್ಕೆ ಹೊರಳಿ, ಎರಡನೆಯ ಪಂಪ್‌ಹೌಸಿನಿಂದ ಒಳಕ್ಕೆ ಬನ್ನಿ ಎನ್ನುವುದೇ ವಿಳಾಸ. ಕಾಯಿ ಕೀಳಲು ಮರ ಹತ್ತಿದವನು ಜಾರಿ ಬಿದ್ದಾಗ, ರಾತ್ರಿ ಯಾರಿಗಾದರೂ ಹಾವು ಕಚ್ಚಿದಾಗ, ಗಾಬರಿಯಲ್ಲಿರುವ ಹೆಣ್ಣುಮಗಳೊಬ್ಬಳು ಈ ವಿಳಾಸವನ್ನು ಬೆಂಗಳೂರಿನಲ್ಲಿ ಕುಳಿತ ಅಪರಿಚಿತರಿಗೆ ವಿವರಿಸಬೇಕು. 108 ಆಂಬುಲೆನ್ಸ್ ಸೇವೆ ಕರ್ನಾಟಕಕ್ಕೆ ಬಂದದ್ದು 2008ರ ನವೆಂಬರಿನಲ್ಲಿ. ವಾಹನ ಬಂತು, ದಾರಿ ಹೇಳುವ ಕಷ್ಟ ಉಳಿಯಿತು. ಅಮೆರಿಕದಲ್ಲಿ 911ಕ್ಕೆ ಮೊಬೈಲಿನಿಂದ ಕರೆ ಮಾಡಿದವರ ಸ್ಥಾನವನ್ನು ಕಂಪನಿಗಳು ಒದಗಿಸಬೇಕೆಂಬ ನಿಯಮವನ್ನು ಅಲ್ಲಿನ ಸಂಪರ್ಕ ಆಯೋಗ 1996ರಲ್ಲೇ ರೂಪಿಸಿತು. 2015ರಲ್ಲಿ ಅದನ್ನು ಬಿಗಿಗೊಳಿಸಿ ಹಂತಹಂತವಾಗಿ ಶೇ 80ರಷ್ಟು ಕರೆಗಳಲ್ಲಿ 50 ಮೀಟರಿನೊಳಗಿನ ನಿಖರತೆಯನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ 2016ರಲ್ಲಿ ಹೊರಡಿಸಿದ ನಿಯಮಗಳು 2018ರ ಜನವರಿಯಿಂದ ಫೋನುಗಳಲ್ಲಿ ಜಿಪಿಎಸ್ ಇರಬೇಕೆಂದವು. ಫೋನಿನೊಳಗೆ ಒಂದು ಬಿಡಿಭಾಗ ಇರಲೇಬೇಕೆನ್ನುವುದು ಸುಲಭ. ಕರೆ ಮಾಡಿದವರ ಜಾಗ ಇಷ್ಟು ಮೀಟರಿನೊಳಗೆ ತಿಳಿಯಲೇಬೇಕೆಂದು ಸೇವೆಯ ಫಲವನ್ನು ಅಳೆಯುವುದು ಬೇರೆ ಮಾತು.

ಇಲ್ಲಿ ಅರ್ಥಶಾಸ್ತ್ರದ ಹಳೆಯದೊಂದು ಉದಾಹರಣೆ ಉಪಯುಕ್ತ. ಸಾರ್ವಜನಿಕ ಸರಕು ಎಂದರೇನೆಂದು ವಿವರಿಸಲು ಅರ್ಥಶಾಸ್ತ್ರಜ್ಞರು ಜಾನ್ ಸ್ಟುವರ್ಟ್ ಮಿಲ್ ಅವರ ಕಾಲದಿಂದಲೂ ದೀಪಸ್ತಂಭವನ್ನು ಎತ್ತಿಕೊಳ್ಳುತ್ತ ಬಂದಿದ್ದಾರೆ. ಒಂದು ಹಡಗು ಅದರ ಬೆಳಕು ಕಂಡಿತೆಂದು ಇನ್ನೊಂದಕ್ಕೆ ಬೆಳಕು ಕಡಿಮೆಯಾಗುವುದಿಲ್ಲ. ಕಂಡವರಿಂದಷ್ಟೇ ಹಣ ವಸೂಲಿ ಮಾಡುವುದೂ ಕಷ್ಟ. ಆದ್ದರಿಂದ ಅದನ್ನು ಕಟ್ಟುವವರಿಗೆ ಲಾಭದ ಆಸೆ ಹುಟ್ಟದು. 1974ರಲ್ಲಿ ರೊನಾಲ್ಡ್ ಕೋಸ್ ಈ ಉದಾಹರಣೆಯನ್ನೇ ಪ್ರಶ್ನಿಸಿ, ಇಂಗ್ಲೆಂಡಿನ ದೀಪಸ್ತಂಭಗಳಲ್ಲಿ ಹಲವನ್ನು ಖಾಸಗಿಯವರು ಕಟ್ಟಿ ಬಂದರಿನಲ್ಲಿ ಸುಂಕ ಪಡೆಯುತ್ತಿದ್ದರೆಂದು ತೋರಿಸಿದರು. ಆದರೆ ಆ ಸುಂಕ ಎತ್ತುವ ಹಕ್ಕನ್ನು ಕೊಟ್ಟದ್ದು ಪ್ರಭುತ್ವವೇ ಎಂಬುದನ್ನು ಮರೆಯುವಂತಿಲ್ಲ. ಉಲ್ಲೇಖ ಸಂಕೇತ ಇಂದಿನ ದೀಪಸ್ತಂಭ. ಟವರ್ ಕಂಪನಿಗೆ ಅದರಿಂದ ನೇರ ವರಮಾನವಿಲ್ಲ. ಸಂಕೇತ ಬಿಡಲು ತರಂಗಾಂತರದ ಒಂದು ಪಾಲು, ಗಡಿಯಾರಗಳನ್ನು ಹೊಂದಿಸಲು ಖರ್ಚು. ಹಾಗಾಗಿ ಮಾನದಂಡದಲ್ಲಿ ಅವಕಾಶವಿದ್ದ ಮಾತ್ರಕ್ಕೆ ಅದು ಚಿಕ್ಕನಾಯಕನಹಳ್ಳಿಯ ಟವರಿನಲ್ಲಿ ಚಾಲೂ ಆಗುತ್ತದೆಂದು ನಂಬುವಂತಿಲ್ಲ. ತರಂಗಾಂತರ ಜನರ ಆಸ್ತಿ. ಅದನ್ನು ಹಂಚುವಾಗ ಇಷ್ಟು ಹಳ್ಳಿಗಳನ್ನು ತಲುಪಬೇಕೆಂಬ ಷರತ್ತು ಹಾಕುವ ಸರ್ಕಾರ, ಸ್ಥಾನ ತಿಳಿಸುವ ಸಂಕೇತವನ್ನೂ ಬಿಡಬೇಕೆಂಬ ಷರತ್ತನ್ನು ಏಕೆ ಹಾಕಬಾರದು?

ಬೇರೆ ದೇಶಗಳು ಈ ಹಾದಿಯಲ್ಲಿ ಮುಂದೆ ಹೋಗಿವೆ. ಜಪಾನ್ ತನ್ನ ಉಪಗ್ರಹಗಳ ಮೂಲಕ ಸೆಂಟಿಮೀಟರ್ ಮಟ್ಟದ ತಿದ್ದುಪಡಿಯನ್ನು 2018ರ ನವೆಂಬರಿನಿಂದ ಬಿತ್ತರಿಸುತ್ತಿದೆ. ಯುರೋಪಿನ ಗೆಲಿಲಿಯೋ ವ್ಯವಸ್ಥೆ 2023ರ ಜನವರಿಯಿಂದ ಹೆಚ್ಚಿನ ನಿಖರತೆಯ ಸೇವೆಯನ್ನು ಯಾರು ಬೇಕಾದರೂ ಬಳಸಬಹುದಾದಂತೆ ಉಚಿತವಾಗಿ ತೆರೆದಿಟ್ಟಿದೆ. ಅಮೆರಿಕವೇ 2000ದ ಮೇ ತಿಂಗಳಲ್ಲಿ, ನಾಗರಿಕರ ಜಿಪಿಎಸ್ ಸಂಕೇತವನ್ನು ಉದ್ದೇಶಪೂರ್ವಕವಾಗಿ ಕೆಡಿಸುವ ಪದ್ಧತಿಯನ್ನು ಕೈಬಿಟ್ಟಿತು. ಸುಮಾರು ನೂರು ಮೀಟರಿನವರೆಗೆ ಇರಬಹುದಾಗಿದ್ದ ತಪ್ಪು ಆ ಒಂದು ರಾತ್ರಿಯಲ್ಲಿ ಹಲವು ಪಟ್ಟು ಕಡಿಮೆಯಾಯಿತು. ಇಂದಿನ ಆ್ಯಪ್ ಟ್ಯಾಕ್ಸಿಗಳಿಗೂ ಮನೆಬಾಗಿಲಿಗೆ ಬರುವ ಸಾಮಾನಿಗೂ ನೆಲ ಹದಗೊಂಡದ್ದು ಅಲ್ಲಿಂದ. ನಿಖರತೆಯನ್ನು ಬಚ್ಚಿಟ್ಟುಕೊಂಡರೆ ದಕ್ಕುವುದಕ್ಕಿಂತ ಹಂಚಿದರೆ ದಕ್ಕುವುದು ಹೆಚ್ಚೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ನಿಖರತೆ ಹೆಚ್ಚಿದಂತೆ ಇನ್ನೊಂದು ಪ್ರಶ್ನೆಯೂ ಹರಿತವಾಗುತ್ತದೆ: ಯಾರಿಗೆ ಯಾರ ಸ್ಥಾನ ತಿಳಿಯಬೇಕು? ಟವರಿನಿಂದ ಸ್ಥಾನ ನಿರ್ಣಯಿಸಲು ಎರಡು ದಾರಿಗಳಿವೆ. ಒಂದರಲ್ಲಿ ಟವರುಗಳು ಸಂಕೇತ ಸಾರುತ್ತವೆ, ಫೋನು ಅದನ್ನು ಕೇಳಿ ತನ್ನೊಳಗೇ ಲೆಕ್ಕ ಮಾಡಿಕೊಳ್ಳುತ್ತದೆ. ಫಲಿತಾಂಶ ಫೋನಿನ ಒಡೆಯನ ಬಳಿ ಉಳಿಯುತ್ತದೆ. ಇನ್ನೊಂದರಲ್ಲಿ ಫೋನಿನ ಸಂಕೇತವನ್ನೋ ಅಳತೆಯನ್ನೋ ಪಡೆದು ಕಂಪನಿಯ ಜಾಲವೇ ಲೆಕ್ಕ ಮಾಡುತ್ತದೆ. ಫಲಿತಾಂಶ ಮೊದಲು ತಲುಪುವುದು ಜಾಲಕ್ಕೆ. ಮೊದಲನೆಯದು ನಿಜವಾದ ಬಾಂದುಕಲ್ಲಿನ ಮಾದರಿ. ಬಾಂದುಕಲ್ಲು ತನ್ನ ಬಳಿ ಬಂದು ಹೋದವರ ಲೆಕ್ಕ ಬರೆದಿಟ್ಟುಕೊಳ್ಳುವುದಿಲ್ಲ. ನಮ್ಮ ನಿಯಮಗಳ ಒಲವು ಹಲವು ಬಾರಿ ಎರಡನೆಯದರತ್ತ ವಾಲಿದೆ. 2011ರ ಮೇ ತಿಂಗಳಲ್ಲಿ ದೂರಸಂಪರ್ಕ ಪರವಾನಗಿಗಳಿಗೆ ಮಾಡಿದ ತಿದ್ದುಪಡಿಯಲ್ಲಿ ಗ್ರಾಹಕರ ಸ್ಥಾನವನ್ನು ಎಷ್ಟು ಮೀಟರಿನೊಳಗೆ ತಿಳಿಸಬೇಕೆಂಬ ಮಿತಿಗಳಿದ್ದವು. ಅದರ ಹಿಂದಿದ್ದುದು ಭದ್ರತೆಯ ಕಾಳಜಿ. ಭದ್ರತೆ ಬೇಡವೆನ್ನುವವರಿಲ್ಲ. ಆದರೆ ನಾಗರಿಕ ಎಲ್ಲಿದ್ದಾನೆಂದು ಪ್ರಭುತ್ವಕ್ಕೆ ತಿಳಿಯಬೇಕೆಂಬ ಆತುರಕ್ಕೆ ಇರುವ ನಿಯಮ, ತಾನೆಲ್ಲಿದ್ದೇನೆಂದು ನಾಗರಿಕನಿಗೇ ತಿಳಿಯಬೇಕೆಂಬ ಅಗತ್ಯಕ್ಕೂ ಇರಬೇಡವೇ? ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ತುರ್ತು ಕರೆ ಮಾಡಿದ ಹೊತ್ತಿನಲ್ಲಿ, ಆ ಕರೆಗೆ ಮಾತ್ರ, ಸ್ಥಾನ ರವಾನೆಯಾಗಲಿ; ಉಳಿದ ಹೊತ್ತಿನಲ್ಲಿ ಲೆಕ್ಕ ಫೋನಿನೊಳಗೇ ಇರಲಿ ಎಂಬುದು ಈ ಎರಡೂ ಅಗತ್ಯಗಳನ್ನು ಸರಿದೂಗಿಸುವ ನೀತಿ.

ಫೋನು ಎಷ್ಟೇ ನಿಖರವಾದರೂ ಅದರ ಹಿಂದಿರುವ ನಕ್ಷೆ ಸರಿಯಿಲ್ಲದಿದ್ದರೆ ಫಲವಿಲ್ಲವೆಂಬುದನ್ನೂ ಒತ್ತಿ ಹೇಳಬೇಕು. ಕಂದಾಯ ಆಡಳಿತವನ್ನು ಒಳಗಿನಿಂದ ಬಲ್ಲವರಿಗೆ ಇದು ಗೊತ್ತಿರುವ ಸಂಗತಿ. 2000ದ ಆಚೀಚೆ ‘ಭೂಮಿ’ ಯೋಜನೆಯಡಿ ಸುಮಾರು ಎರಡು ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ದೇಶವೇ ಅದನ್ನು ಮೆಚ್ಚಿತು. ಆದರೆ ಅಲ್ಲಿ ಗಣಕಕ್ಕೆ ಏರಿದ್ದು ಅಕ್ಷರ ಮತ್ತು ಅಂಕಿ, ಗೆರೆಯಲ್ಲ. ಗೆರೆಗಳು ಹಳೆಯ ಕಾಗದದ ಮೇಲೇ ಉಳಿದವು. ಆಮೇಲೆ ಆ ಗ್ರಾಮನಕ್ಷೆಗಳನ್ನು ಉಪಗ್ರಹ ಚಿತ್ರಗಳ ಮೇಲೆ ಹೊಂದಿಸಿ ಕೂರಿಸಲಾಗಿದೆ. ಶತಮಾನ ಕಂಡ ಕಾಗದ ಹಿಗ್ಗಿದೆ, ಕುಗ್ಗಿದೆ, ಮಡಿಕೆಯಲ್ಲಿ ಹರಿದಿದೆ. ಪಾಲಾದ ಜಮೀನಿಗೆ ಪೋಡಿಯಾಗಿಲ್ಲ. ಹೇಮಾವತಿ ನಾಲೆಯಂತಹ ಕಾಮಗಾರಿಗಳು ಹಾದುಹೋದಲ್ಲಿ ನೆಲದ ರೂಪವೇ ಬದಲಾಗಿದೆ. ಇಂತಹ ನಕ್ಷೆಯ ಮೇಲೆ ಸೆಂಟಿಮೀಟರ್ ನಿಖರತೆಯ ಚುಕ್ಕೆ ಬಿದ್ದರೆ ಚುಕ್ಕೆ ಸರಿಯಾಗಿದ್ದೂ ತೀರ್ಮಾನ ತಪ್ಪಾದೀತು. ಹಾಗೆಂದೇ ದಿಶಾಂಕ್ ತೋರಿಸುವ ಗೆರೆ ದಾರಿ ತೋರುವುದಕ್ಕೆ ಸಾಕು, ತೀರ್ಪಿಗೆ ಸಾಲದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಡಿ ಗಡಿ ನಿರ್ಧಾರವಾಗುವುದು ಅಧಿಕೃತ ಅಳತೆಯಿಂದಲೇ ಹೊರತು ಆ್ಯಪ್‌ನಿಂದಲ್ಲ.

ನಿಖರತೆಯೇ ನ್ಯಾಯವೆಂದು ಭಾವಿಸುವುದರ ಅಪಾಯವನ್ನೂ ಬಲ್ಲವರು ಎತ್ತಿಯಾರು, ಎತ್ತಬೇಕಾದ್ದೇ. ಅಣ್ಣತಮ್ಮಂದಿರು ಪಾಲಾದಾಗ ಹಿರಿಯರು ನಿಂತು ಹಾಕಿಸಿದ ಬದು ಕಾಗದದ ಗೆರೆಗಿಂತ ಎರಡಡಿ ಆಚೀಚೆ ಇದ್ದಿರಬಹುದು. ಎರಡು ಮನೆಯವರೂ ಅದನ್ನು ಒಪ್ಪಿ, ಅದರ ಗುಂಟ ಸಸಿ ನೆಟ್ಟು, ನಾಲ್ಕು ದಶಕ ನೆಮ್ಮದಿಯಿಂದ ಬಾಳಿದ್ದಾರೆ. ಈಗ ಸೆಂಟಿಮೀಟರಿನ ಯಂತ್ರ ಬಂದು ಹಳೆಯ ಕಾಗದದ ಗೆರೆಯನ್ನು ನೆಲದ ಮೇಲೆ ಎಳೆಯಹೊರಟರೆ, ಇಲ್ಲದ ಜಗಳ ಹುಟ್ಟುತ್ತದೆ. ದೀರ್ಘಕಾಲದ ನಿರ್ವಿವಾದ ಅನುಭೋಗವನ್ನು ನಮ್ಮ ಕಾನೂನು ಗೌರವಿಸುವುದು ಇಂತಹ ನೆಮ್ಮದಿಯ ಸಲುವಾಗಿಯೇ. ಆದ್ದರಿಂದ ಹೊಸ ಅಳತೆಯ ಮೊದಲ ಕೆಲಸ, ಇಬ್ಬರೂ ಒಪ್ಪಿರುವ ಬದು ಎಲ್ಲಿದೆಯೋ ಅದನ್ನು ಹಾಗೆಯೇ ನಿಖರವಾಗಿ ದಾಖಲಿಸುವುದಾಗಬೇಕು. ತಕರಾರು ಇದ್ದಲ್ಲಿ ಮಾತ್ರ ಟಿಪ್ಪಣಿ, ಆಕಾರ್‌ಬಂದ್ ತೆರೆದು ನೋಡಲಿ. ನೆಲ ಒಪ್ಪಿಕೊಂಡದ್ದನ್ನು ಕಾಗದ ಕೆಡಿಸಬಾರದು.

ಮಾಡಬೇಕಾದದ್ದು ಅಸಾಧ್ಯವೇನಲ್ಲ. ಮೊದಲನೆಯದಾಗಿ, ಸರ್ಕಾರದ ಪ್ರತಿಯೊಂದು ಆ್ಯಪ್ ಚುಕ್ಕೆಯ ಸುತ್ತ ತಪ್ಪಿನ ವ್ಯಾಪ್ತಿಯನ್ನು ಒಂದು ವೃತ್ತವಾಗಿ, ಮೀಟರಿನ ಅಂಕಿಯೊಡನೆ ತೋರಿಸಬೇಕು. ಫೋನಿಗೆ ತನ್ನ ಅನುಮಾನ ಎಷ್ಟೆಂಬ ಅಂದಾಜು ಇರುತ್ತದೆ. ಅದನ್ನು ಮುಚ್ಚಿಟ್ಟು ಚುಕ್ಕೆಯನ್ನಷ್ಟೇ ತೋರಿಸುವುದು ಬಳಸುವವರಿಗೆ ಮಾಡುವ ಅನ್ಯಾಯ. ಈ ಸುಧಾರಣೆಗೆ ಹೊಸ ಉಪಕರಣ ಬೇಕಿಲ್ಲ, ಮನಸ್ಸಿದ್ದರೆ ಸಾಕು. ಎರಡನೆಯದಾಗಿ, ಆ ಅಂಕಿ ಚಿತ್ರದೊಂದಿಗೆ ದಾಖಲಾಗಬೇಕು. ತಪ್ಪಿನ ವೃತ್ತ ಪಕ್ಕದ ಸರ್ವೆ ನಂಬರನ್ನು ಮುಟ್ಟುತ್ತಿದ್ದರೆ ಕೇವಲ ಆ್ಯಪ್ ಆಧಾರದಲ್ಲಿ ಯಾರ ಬೆಳೆಯನ್ನೂ ತಿರಸ್ಕರಿಸಬಾರದು, ಗ್ರಾಮ ಆಡಳಿತ ಅಧಿಕಾರಿ ಬಂದು ಕಣ್ಣಾರೆ ನೋಡಬೇಕು. ಮೂರನೆಯದಾಗಿ, ಸಾರ್ವಜನಿಕ ಹಣದಲ್ಲಿ ಕಟ್ಟಿದ ಉಲ್ಲೇಖ ಕೇಂದ್ರಗಳ ತಿದ್ದುಪಡಿಯನ್ನು ಫೋನುಗಳಿಗೆ ಉಚಿತವಾಗಿ ತಲುಪಿಸಬೇಕು. ನಾಲ್ಕನೆಯದಾಗಿ, ಟವರುಗಳ ಉಲ್ಲೇಖ ಸಂಕೇತ ಮತ್ತು ತುರ್ತು ಕರೆಯ ನಿಖರತೆ ತರಂಗಾಂತರದ ಷರತ್ತಾಗಬೇಕು; ಆ ನಿಖರತೆಯನ್ನು ನಗರದ ಸರಾಸರಿಯಲ್ಲಿ ಮುಳುಗಿಸದೆ ಗ್ರಾಮಾಂತರಕ್ಕೆ ಪ್ರತ್ಯೇಕವಾಗಿ ಅಳೆದು ಪ್ರಕಟಿಸಬೇಕು. ಕಡೆಯದಾಗಿ, ಪೋಡಿ ಮತ್ತು ಮರುಸರ್ವೆಯ ಕೆಲಸಕ್ಕೆ ಭೂಮಾಪಕರನ್ನು ಒದಗಿಸಬೇಕು. ತೆಂಗಿನ ಗರಿಗಳ ಕೆಳಗೆ ಅಡಗಿದ ಬದು ಡ್ರೋನಿನ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿಗೆ ಮನುಷ್ಯನೇ ನಡೆದು ಹೋಗಬೇಕು.

ಇದಕ್ಕೆಲ್ಲ ದುಡ್ಡೆಲ್ಲಿ ಎನ್ನುವವರು, ಗಡಿ ತಕರಾರಿನ ದಾವೆಗಳಿಗೆ ಹಳ್ಳಿಗಳು ಈಗಾಗಲೇ ತೆರುತ್ತಿರುವ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ವಕೀಲರ ಶುಲ್ಕ, ಕಚೇರಿಗೆ ಅಲೆದ ದಿನಗಳ ಕೂಲಿ, ವ್ಯಾಜ್ಯವಿದೆಯೆಂದು ಸಾಲ ಸಿಗದೆ, ಮಾರಲೂ ಆಗದೆ ಬಿದ್ದ ನೆಲ, ಮುರಿದ ನೆಂಟಸ್ತಿಕೆ ಇವು ಯಾವ ಆಯವ್ಯಯ ಪತ್ರದಲ್ಲೂ ಕಾಣುವುದಿಲ್ಲ. ಕಾಣದ ಖರ್ಚು ಖರ್ಚಲ್ಲವೆಂದುಕೊಳ್ಳುವುದು ಆಡಳಿತದ ಹಳೆಯ ದೌರ್ಬಲ್ಯ. 1863ರ ಆಡಳಿತ ಕಂದಾಯದ ಆಸೆಗಾದರೂ ಹಳ್ಳಿಹಳ್ಳಿಗೂ ಕಲ್ಲು ನೆಡಿಸಿತು. ಇಂದಿನ ಪ್ರಜಾಸತ್ತಾತ್ಮಕ ಸರ್ಕಾರ ಪ್ರಜೆಯಿಂದ ಮೊಬೈಲಿನ ಸಾಕ್ಷಿ ಕೇಳುವುದೇ ಆದರೆ, ಆ ಸಾಕ್ಷಿ ನಿಲ್ಲಲು ಬೇಕಾದ ಕಲ್ಲನ್ನೂ ತಾನೇ ನೆಡಿಸಿಕೊಡಬೇಕಾಗುತ್ತದೆ.